ಒಂದೇ ಕಂಬಿ, ಎರಡು ಅಂಕಪಟ್ಟಿ

ಮಾನ್ಯ ಮೌಲ್ಯಮಾಪನ ಕುಲಸಚಿವರೇ,

ನಿಮ್ಮ ಕಚೇರಿಯಲ್ಲಿ ಕೆಲಸ ನಿಧಾನ ಎನ್ನುವವರ ಬಾಯಿಗೆ ಮಣ್ಣು ಬೀಳಲಿ. ಕಳೆದ ತಿಂಗಳು ಒಬ್ಬ ಕಾರ್ಖಾನೆ ಮಾಲೀಕರ ವಕೀಲರು ನಿಮ್ಮಿಂದ ಒಂದು ಪತ್ರ ಕೇಳಿದರು. ನಾಲ್ಕೇ ದಿನದಲ್ಲಿ, ದುಂಡು ಮುದ್ರೆ ಒತ್ತಿ, ಹಸಿರು ಶಾಯಿಯಲ್ಲಿ ಸಹಿ ಹಾಕಿ ಕೊಟ್ಟಿರಿ. "ಸದರಿ ವಿದ್ಯಾರ್ಥಿಯು ವಸ್ತು ಪರೀಕ್ಷಾ ಪ್ರಯೋಗಾಲಯ ವಿಷಯದಲ್ಲಿ ಪ್ರಥಮ ಪ್ರಯತ್ನದಲ್ಲಿ ಅನುತ್ತೀರ್ಣನಾಗಿರುತ್ತಾನೆ ಎಂದು ಈ ಮೂಲಕ ದೃಢೀಕರಿಸಲಾಗಿದೆ." ಆ ಸದರಿ ವಿದ್ಯಾರ್ಥಿಯ ಹೆಸರು ಲಿಖಿತ್. ಮೆಕ್ಯಾನಿಕಲ್ ಎಂಜಿನಿಯರಿಂಗಿನಲ್ಲಿ ನನ್ನ ಸಹಪಾಠಿ. ಈಗ ಒಂದು ಸಾವಿನ ಮೊಕದ್ದಮೆಯಲ್ಲಿ ಆರೋಪಿ. ಕಬ್ಬಿಣ ಪರೀಕ್ಷಿಸುವ ವಿಷಯದಲ್ಲೇ ನಪಾಸಾದ ದಡ್ಡನೊಬ್ಬನಿಂದ ಅನಾಹುತವಾಯಿತು, ಕಾರ್ಖಾನೆಯದೇನೂ ತಪ್ಪಿಲ್ಲ ಎಂದು ವಾದಿಸಲು ವಕೀಲರಿಗೆ ನಿಮ್ಮ ಪತ್ರವೊಂದೇ ಸಾಕು.

ಆ ಪತ್ರದಲ್ಲಿ ಒಂದಕ್ಷರವೂ ತಪ್ಪಿಲ್ಲ, ಒಪ್ಪುತ್ತೇನೆ. ಆದರೆ ಅವನು ಯಾಕೆ ನಪಾಸಾದ ಎಂಬುದು ಅದರಲ್ಲಿಲ್ಲ. ಕಣ್ಣಿಗೆ ಕಂಡ ಅಂಕಿಯನ್ನು ಕಂಡ ಹಾಗೆ ಬರೆದದ್ದಕ್ಕೆ ನಪಾಸಾದ. ಅದೇ ದಿನ, ಅದೇ ಯಂತ್ರದ ಮುಂದೆ ಸುಳ್ಳು ಬರೆದು ಐವತ್ತಕ್ಕೆ ನಲವತ್ತೆಂಟು ಅಂಕ ಪಡೆದವಳು ನಾನು. ಇದನ್ನು ನಿಮಗೆ ಮೂರು ಸಲ ಅರ್ಜಿ ಬರೆದು ತಿಳಿಸಿದ್ದೇನೆ. ನನ್ನ ಅರ್ಜಿಗೆ ವಕೀಲರ ಅರ್ಜಿಗಿದ್ದ ಕಾಲುಗಳಿರಲಿಲ್ಲವೋ ಏನೋ, ಅವು ನಿಮ್ಮ ಮೇಜಿನವರೆಗೂ ನಡೆದು ಬರಲೇ ಇಲ್ಲ. ಅದಕ್ಕೇ ಈಗ ಊರಿಗೆಲ್ಲ ಕೇಳಿಸುವ ಹಾಗೆ ಬರೆಯುತ್ತಿದ್ದೇನೆ.

ನಮ್ಮ ತರಗತಿಯಲ್ಲಿ ಅರವತ್ತು ಸೀಟಿಗೆ ಹದಿನೇಳು ಜನ ಇದ್ದೆವು. ಹುಡುಗಿ ನಾನೊಬ್ಬಳೇ. ಪಕ್ಕದ ಕಟ್ಟಡದಲ್ಲಿ ಕಂಪ್ಯೂಟರ್ ವಿಭಾಗದವರು ಕೂರಲು ಜಾಗವಿಲ್ಲದೆ ಕಿಟಕಿಗೆ ಒರಗಿ ಪಾಠ ಕೇಳುತ್ತಿದ್ದರೆ, ನಮಗೆ ಒಬ್ಬೊಬ್ಬರಿಗೆ ಮೂರು ಮೂರು ಬೆಂಚು. "ಹೆಣ್ಣುಮಗು ಸ್ಪ್ಯಾನರ್ ಹಿಡಿದು ಏನ್ ಮಾಡುತ್ತೆ?" ಎಂದು ಯಾದವಗಿರಿಯ ನಮ್ಮ ಬೀದಿಯೆಲ್ಲ ನನ್ನ ತಾಯಿ ಗಿರಿಜಾಂಬಾ ಅವರನ್ನು ಕೇಳಿತ್ತು. ಸ್ಪ್ಯಾನರ್ ಹಿಡಿಯುವ ಅವಕಾಶ ನಾಲ್ಕು ವರ್ಷದಲ್ಲಿ ಅಷ್ಟೇನೂ ಒದಗಿಬರಲಿಲ್ಲ ಎಂದು ಆ ಬೀದಿಗೆ ನಾನು ಇವತ್ತಿಗೂ ಹೇಳಿಲ್ಲ.

ಪ್ರಯೋಗಾಲಯದಲ್ಲಿ ಕಂಬಿಯನ್ನು ಎರಡೂ ತುದಿ ಹಿಡಿದು ಎಳೆಯುವ ಒಂದು ದೊಡ್ಡ ಯಂತ್ರವಿದೆ. ಎಷ್ಟು ಬಲ ಹಾಕಿದಾಗ ಕಂಬಿ ಎಷ್ಟು ಉದ್ದವಾಯಿತು ಎಂದು ನೋಡಿ, ಲೆಕ್ಕ ಹಾಕಿ, ಕೊನೆಗೊಂದು ಸಂಖ್ಯೆ ತೆಗೆಯಬೇಕು. ಉಕ್ಕಿಗೆ ಅದು ಎರಡು ಲಕ್ಷದ ಹತ್ತಿರ ಬರಬೇಕು ಎಂದು ಪುಸ್ತಕ ಹೇಳುತ್ತದೆ. ನಮ್ಮ ಯಂತ್ರದಲ್ಲಿ ಅದು ಒಂದು ಲಕ್ಷ ಮೂವತ್ತು ಸಾವಿರ ದಾಟುತ್ತಿರಲಿಲ್ಲ. ಯಂತ್ರದ ಮಗ್ಗುಲಲ್ಲಿ, ಇದನ್ನು ಮುಂದೆ ಯಾವಾಗ ಪರಿಶೀಲಿಸಬೇಕು ಎಂದು ಬರೆದ ಚೀಟಿ ಅಂಟಿಸಿದ್ದರು. ಆ ತಾರೀಖಿನ ಹೊತ್ತಿಗೆ ನಾನು ಮೂರನೇ ಕ್ಲಾಸಿನಲ್ಲಿದ್ದೆ.

ಹಾಗಿದ್ದರೆ ಅಷ್ಟು ವರ್ಷ ಅಷ್ಟು ವಿದ್ಯಾರ್ಥಿಗಳು ಹೇಗೆ ಪಾಸಾದರು? ನಿಮಗೆ ಗೊತ್ತಿಲ್ಲ ಎಂದರೆ ನಾನು ನಂಬುವುದಿಲ್ಲ, ನೀವೂ ಎಂಜಿನಿಯರಿಂಗ್ ಓದಿ ಬಂದವರೇ. ಉತ್ತರ ಮೊದಲು, ರೀಡಿಂಗು ಆಮೇಲೆ. ಎರಡು ಲಕ್ಷ ಎಂದು ಕೆಳಗೆ ಬರೆದುಕೊಂಡು, ಕ್ಯಾಲ್ಕುಲೇಟರ್ ಹಿಡಿದು ಹಿಮ್ಮುಖವಾಗಿ ಮೇಲೆ ಹತ್ತಬೇಕು. ಕಂಬಿ ಎಷ್ಟು ಉದ್ದವಾಗಿದ್ದರೆ ನಮಗೆ ಒಳ್ಳೆಯದಾಗುತ್ತಿತ್ತೋ ಅಷ್ಟು ಉದ್ದವಾಯಿತು ಎಂದು ತುಂಬಬೇಕು. ಅನುಮಾನ ಬಾರದಿರಲೆಂದು ಅಲ್ಲೊಂದು ಇಲ್ಲೊಂದು ಅಂಕಿಯನ್ನು ಸ್ವಲ್ಪ ಸೊಟ್ಟ ಮಾಡಬೇಕು. ಲ್ಯಾಬಿನ ಸಹಾಯಕ ಸದಾಶಿವಯ್ಯನವರು ಕೆಟ್ಟವರಲ್ಲ, ನಮ್ಮ ಮೇಲಿನ ಮಮತೆಯಿಂದಲೇ ಹೇಳಿಕೊಡುತ್ತಿದ್ದರು. "ಮೊದಲು ಪೆನ್ಸಿಲ್ಲಲ್ಲಿ ಬರ್ಕೊಳ್ಳಿ ಕಣ್ರಪ್ಪ. ಮಿಷನ್ನು ಹೇಳೋದನ್ನ ಹೇಳ್ಕೊಳ್ಳಲಿ ಬುಡಿ, ನಿಮಗೆ ಬೇಕಾದ್ದನ್ನ ಆಮೇಲೆ ಪೆನ್ನಲ್ಲಿ ತಿದ್ಕೊಂಡ್ರಾಯ್ತು." ನಾಲ್ಕು ವರ್ಷದಲ್ಲಿ ನಾನು ಚೆನ್ನಾಗಿ ಕಲಿತ ವಿದ್ಯೆ ಇದೊಂದೇ.

ಲಿಖಿತ್‌ಗೆ ಇದು ಒಗ್ಗಲಿಲ್ಲ. ಅವನ ತಂದೆ ಮಹದೇವು ಅವರಿಗೆ ಇಲವಾಲದಲ್ಲಿ, ಹುಣಸೂರು ರಸ್ತೆಯ ಬದಿಗೆ ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿ, ಮೆಟ್ಟಿಲಿನ ರೇಲಿಂಗು ಮಾಡುವವರು. ಟೇಪಿನಲ್ಲಿ ಒಂದು ತೋರಿಸಿ ಚೀಟಿಯಲ್ಲಿ ಇನ್ನೊಂದು ಬರೆದರೆ ಗೇಟು ಕಂಬಕ್ಕೆ ಕೂರುವುದಿಲ್ಲ ಎಂದು ನೋಡುತ್ತಲೇ ಬೆಳೆದ ಹುಡುಗ ಅವನು. "ಅದೆಂಗೆ ಸುಮ್ನೆ ಬರೆಯೋದು ಕಣೇ, ಬರ್ದಂಗೆ ಇಲ್ವಲ್ಲ ಅದು?" ಎಂದು ನನ್ನನ್ನು ಕೇಳಿದ್ದ. ನಾನು ನಕ್ಕಿದ್ದೆ.

ಪರೀಕ್ಷೆಯ ದಿನ ಕಂಬಿಗಳು ಕಮ್ಮಿ ಇವೆ ಎಂದು ಇಬ್ಬರಿಗೆ ಒಂದರಂತೆ ಕೊಟ್ಟರು. ನನಗೂ ಅವನಿಗೂ ಒಂದು. ಇಬ್ಬರೂ ಅಳತೆಯ ಒಂದೇ ಮುಳ್ಳು ನೋಡಿದೆವು. ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ನನ್ನ ಎರಡು ಲಕ್ಷ ನೋಡಿ ತಲೆದೂಗಿದರು. ಅವನ ಹಾಳೆ ನೋಡಿ, "ಇದೇನಪ್ಪಾ, ಉಕ್ಕೋ ಅಲ್ಯೂಮಿನಿಯಮ್ಮೋ?" ಎಂದರು.

"ಉಕ್ಕೇ ಸಾರ್. ಮಿಷನ್ನು ಸರಿಯಾಗಿಲ್ಲ."

"ಮಿಷನ್ ಸರಿಯಾಗಿಲ್ಲ ಅಂದ್ರೆ ಉಳಿದ ಹದಿನಾರು ಜನಕ್ಕೆ ಎರಡು ಲಕ್ಷ ಎಲ್ಲಿಂದ ಬಂತು?"

ಲಿಖಿತ್ ನನ್ನ ಕಡೆ ನೋಡಿದ. ಆಗ ನಾನೊಂದು ಮಾತು ಆಡಬಹುದಿತ್ತು. ಕೈಯಲ್ಲಿದ್ದ ಕ್ಯಾಲ್ಕುಲೇಟರನ್ನು ನೋಡುತ್ತಾ ನಿಂತೆ. ಅವನಿಗೆ ಬಂದದ್ದು ಐವತ್ತಕ್ಕೆ ಒಂಬತ್ತು.

ಒಂದು ವಿಷಯ ಬಾಕಿ ಉಳಿದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಕ್ಯಾಂಪಸ್ಸಿಗೆ ಬಂದ ಕಂಪನಿಗಳು ಬಾಕಿ ಇದ್ದವರನ್ನು ಸಂದರ್ಶನದ ಕೋಣೆಯೊಳಗೇ ಬಿಟ್ಟುಕೊಳ್ಳಲಿಲ್ಲ. ನನಗೆ ವಿನ್ಯಾಸದ ಕೆಲಸ ಸಿಕ್ಕಿತು, ಅವನಿಗೆ ಏನೂ ಸಿಗಲಿಲ್ಲ. ಎರಡನೇ ಸಲ ಅವನು ಪರೀಕ್ಷೆಗೆ ಕೂರುವ ಮುಂಚೆ ನಾನೇ ಪಕ್ಕದಲ್ಲಿ ಕೂತು ಹಿಮ್ಮುಖದ ಲೆಕ್ಕ ಹೇಳಿಕೊಟ್ಟೆ. "ನಿನ್ನ ಹಟದಿಂದ ಯಾರಿಗೂ ಏನೂ ಆಗಲ್ಲ ಕಣೋ, ಸುಮ್ನೆ ಎರಡು ಲಕ್ಷ ಬರೆದ್ಬುಡು" ಎಂದೆ. ಬರೆದ. ನಲವತ್ತಾರು ಅಂಕ ಕೊಟ್ಟಿರಿ. ಅಂದರೆ ಸುಳ್ಳು ಬರೆಯಲು ಕಲಿಯುವವರೆಗೂ ಅವನನ್ನು ಎಂಜಿನಿಯರ್ ಎಂದು ನೀವು ಒಪ್ಪಲಿಲ್ಲ. ಒಪ್ಪಿದ ಮೇಲೆ ಅವನು ನೀವು ಕಲಿಸಿದ್ದನ್ನೇ ಮಾಡಿದ.

ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಕೆಲಸಕ್ಕೆ ಸೇರಿದ. ಅಲ್ಲಿ ಭಾರ ಎತ್ತುವ ಸರಪಳಿ ರಾಟೆಯೊಂದಿತ್ತು. ಅದರ ಕೊಕ್ಕೆಯ ಬಾಯಿ ಎಷ್ಟು ಅಗಲವಾಗಿದೆ ಎಂದು ತಿಂಗಳಿಗೊಮ್ಮೆ ಅಳೆದು ಬರೆಯಬೇಕು, ಬಾಯಿ ತೆರೆದುಕೊಂಡಿದ್ದರೆ ಕೊಕ್ಕೆ ಬದಲಿಸಬೇಕು. ಅವನಿಗಿಂತ ಮುಂಚೆ ಇದ್ದವರು ಎಂಟು ತಿಂಗಳು ಸಾಲಾಗಿ ಮೂವತ್ತನಾಲ್ಕು ಮಿಲಿಮೀಟರ್ ಎಂದು ಬರೆದಿದ್ದರು. ದಿನಾ ಭಾರ ಹೊರುವ ಕೊಕ್ಕೆ ಎಂಟು ತಿಂಗಳಲ್ಲಿ ಕೂದಲೆಳೆಯಷ್ಟೂ ಅಲುಗಿರಲಿಲ್ಲವಂತೆ! ಒಂಬತ್ತನೇ ತಿಂಗಳು ಲಿಖಿತ್ ಕೂಡ ಮೂವತ್ತನಾಲ್ಕು ಎಂದು ಬರೆದು ಸಹಿ ಹಾಕಿದ. ಈ ಸಲ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹನ್ನೆರಡು ದಿನದ ಮೇಲೆ, ಬೆಳಗ್ಗೆ ಹತ್ತೂವರೆಗೆ, ಬಾಯಿ ಅಗಲವಾಗಿದ್ದ ಆ ಕೊಕ್ಕೆಯಿಂದ ಭಾರ ಕಟ್ಟಿದ್ದ ಹಗ್ಗ ಜಾರಿ ಕಬ್ಬಿಣದ ಅಚ್ಚು ಕೆಳಗೆ ಬಿತ್ತು. ಲೇತ್ ಯಂತ್ರದ ಕೆಳಗೆ ಬಿದ್ದ ಕಬ್ಬಿಣದ ಸುರುಳಿಗಳನ್ನು ಗುಡಿಸುತ್ತಿದ್ದ ಗುತ್ತಿಗೆ ಕೆಲಸದ ಮಂಚಮ್ಮ ಅದರಡಿ ಸಿಕ್ಕಿದರು. ಎರಡು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಅವರಿಗೆ ಐವತ್ತೊಂದು ವರ್ಷ.

ಅಶೋಕಪುರಂನ ಅವರ ಮನೆಗೆ ನಾನು ಹೋಗಿದ್ದೆ. ಯಾಕೆ ಹೋದೆನೋ, ಹೋಗದೆ ಇರಲಾಗಲಿಲ್ಲ. ಅವರ ಮಗಳು ಚಾಮುಂಡೇಶ್ವರಿ ಪಿಯುಸಿ ಓದುತ್ತಿದ್ದಾಳೆ. ಬೈಯಲಿಲ್ಲ, ಅಳಲಿಲ್ಲ, ಕೂತ್ಕೊಳಿ ಎಂದು ಚಾಪೆ ಹಾಸಿದಳು. ನಾನೂ ಎಂಜಿನಿಯರ್ ಎಂದು ತಿಳಿದ ಮೇಲೆ ಒಂದೇ ಒಂದು ಮಾತು ಕೇಳಿದಳು.

"ಅಕ್ಕಾ, ಅದನ್ನ ನಿಜವಾಗ್ಲೂ ಅಳೆದು ಬರೀತಾರಾ, ಇಲ್ಲಾ ಬರೀ ಬರೀತಾರಾ?"

ನನ್ನ ಪದವಿ ಪ್ರಮಾಣಪತ್ರದಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ ಸ್ವಾಮಿ. ನಿಮ್ಮ ಇಡೀ ಪಠ್ಯಕ್ರಮದಲ್ಲಿ ಇದೆಯೇ? ವೃತ್ತಿಪರ ನೈತಿಕತೆ ಎಂದು ಒಂದು ವಿಷಯವನ್ನೇ ಇಟ್ಟಿದ್ದೀರಲ್ಲ, ಅದರಲ್ಲಿ ನನಗೆ ತೊಂಬತ್ತೊಂದು ಬಂದಿದೆ. ಆ ಮಗುವಿನ ಮುಂದೆ ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತಿದೆ.

ಲಿಖಿತ್ ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ಹೇಳಲು ಅವನೇ ಬಿಡುವುದಿಲ್ಲ. ಜಾಮೀನಿನ ಮೇಲೆ ಹೊರಬಂದು ಅಪ್ಪನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತಿರುತ್ತಾನೆ, ಟೇಪು ಮುಟ್ಟುವುದಿಲ್ಲ, ಗಿರಾಕಿ ಬಂದರೆ ಹೊರಗೆ ಬರುವುದಿಲ್ಲ. "ಏನವ್ವ, ನೀನಾರೂ ಅವ್ನಿಗೆ ಒಸಿ ಹೇಳು" ಎಂದು ಮಹದೇವು ಅವರು ನನ್ನನ್ನು ಕೇಳಿಕೊಂಡರು. ಅವನಿಗೆ ಹೇಳಿಯೇ ಇಷ್ಟಾಯಿತು ಎಂದು ಅವರಿಗೆ ಹೇಗೆ ತಿಳಿಸಲಿ? ಈ ಪತ್ರ ಬರೆಯುತ್ತೇನೆ ಎಂದಾಗ ಲಿಖಿತ್ ಹೇಳಿದ್ದು ಇಷ್ಟೇ: "ಬರಿ. ಆದ್ರೆ ಸೈನ್ ನಂದೇ ಅಂತಾನೂ ಬರಿ. ನಾನು ಅಳೀಲಿಲ್ಲ ಕಣೇ. ಆಯಮ್ಮ ದಿನಾ ಮಾತಾಡಿಸ್ತಿದ್ರು ನನ್ನ." ಬರೆದಿದ್ದೇನೆ. ಅದಕ್ಕೆ ಬರುವ ಶಿಕ್ಷೆ ಅವನು ಅನುಭವಿಸಲಿ. ಆದರೆ ಅವನು ಜೀವನದಲ್ಲಿ ಸರಿಯಾಗಿ ಮಾಡಿದ ಒಂದು ಪರೀಕ್ಷೆಯನ್ನೇ ಅವನ ದಡ್ಡತನಕ್ಕೆ ಸಾಕ್ಷಿ ಎಂದು ಕೋರ್ಟಿನ ಮುಂದೆ ಇಡುತ್ತಿದ್ದೀರಲ್ಲ, ಅದು ಅನ್ಯಾಯ. ಹಾಗೆ ಮಾಡಿ ಎಂಟು ತಿಂಗಳು ಸುಳ್ಳು ಬರೆಸಿದ ಮಾಲೀಕರಿಗೂ, ವರ್ಷಗಟ್ಟಲೆ ಸುಳ್ಳು ಬರೆಸಿದ ನಿಮಗೂ ಒಟ್ಟಿಗೇ ಕೈತೊಳೆದುಕೊಳ್ಳಲು ನೀರು ಹಾಕುತ್ತಿದ್ದೀರಿ.

ಅವನ ಆ ಹಾಳೆಯ ಪ್ರತಿ ಕೇಳಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. "ನಿಯಮಾನುಸಾರ ನಾಶಪಡಿಸಲಾಗಿದೆ" ಎಂದು ಒಂದು ಸಾಲಿನ ಉತ್ತರ ಬಂತು. ಒಂಬತ್ತು ಅಂಕವನ್ನು ಮಾತ್ರ ನಿಯಮಾನುಸಾರ ಕಾಪಾಡಿಕೊಂಡಿದ್ದೀರಿ. ಆದರೆ ಯಂತ್ರ ಇನ್ನೂ ಅಲ್ಲೇ ಇದೆ. ಹೋದ ವಾರ ಸದಾಶಿವಯ್ಯನವರಿಗೆ ಫೋನ್ ಮಾಡಿ ಕೇಳಿದೆ. "ಅಂಗೇ ಐತೆ ಕಣಮ್ಮ, ಮುಳ್ಳೂ ಅಂಗೇ ಐತೆ" ಎಂದರು.

ಆದ್ದರಿಂದ ನನ್ನ ಬೇಡಿಕೆ ಇದು. ಬರುವ ಹದಿನೆಂಟನೇ ತಾರೀಖಿನ ವಿಚಾರಣೆಗೆ ಮುನ್ನ, ಹೊರಗಿನ ತಜ್ಞರನ್ನು ಕರೆಸಿ ಆ ಯಂತ್ರದಲ್ಲಿ ಒಂದು ಉಕ್ಕಿನ ಕಂಬಿ ಎಳೆಸಿ. ಬಂದ ಅಂಕಿಯನ್ನು ಬಂದ ಹಾಗೆ ಬರೆಸಿ. ಅದು ಒಂದು ಲಕ್ಷ ಮೂವತ್ತು ಸಾವಿರದ ಆಸುಪಾಸಿನಲ್ಲಿದ್ದರೆ, ಲಿಖಿತ್ ಎಂಬ ವಿದ್ಯಾರ್ಥಿ ಮೊದಲ ಸಲ ಸರಿಯಾಗಿಯೇ ಬರೆದಿದ್ದ ಎಂದು ನ್ಯಾಯಾಲಯಕ್ಕೆ ಪತ್ರ ಕೊಡಿ. ಜೊತೆಗೆ ನನ್ನ ನಲವತ್ತೆಂಟು ಅಂಕವನ್ನು ರದ್ದು ಮಾಡಿ. ಪದವಿ ಹೋದರೆ ಹೋಗಲಿ, ಕೆಲಸ ಹೋದರೂ ಹೋಗಲಿ. ಅಮ್ಮನಿಗೆ ಹೇಳಿದ್ದೇನೆ. ಅವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು, ಮೂರನೇ ದಿನ ಪತ್ರದ ಜೊತೆ ಇದರ ಪ್ರತಿ ಇಡು ಎಂದು ಅಂಕಪಟ್ಟಿಯನ್ನು ಬೀರುವಿನಿಂದ ಅವರೇ ತೆಗೆದುಕೊಟ್ಟರು.

ನೀವು ಏನೂ ಮಾಡದಿದ್ದರೂ ಹದಿನೆಂಟರಂದು ನಾನು ಸಾಕ್ಷಿ ಹೇಳಲು ಹೋಗುತ್ತೇನೆ. ಅವನು ನಿಜ ಬರೆದ, ನಾನು ಸುಳ್ಳು ಬರೆದೆ ಎನ್ನುತ್ತೇನೆ. ನಿನ್ನ ಮಾತನ್ನು ಹೇಗೆ ನಂಬುವುದಮ್ಮ ಎಂದು ವಕೀಲರು ಕೇಳುತ್ತಾರೆ. ತೋರಿಸಲು ನನ್ನ ಬಳಿ ಇರುವುದು, ನಾನು ಸರಿಯಾಗಿಯೇ ಬರೆದಿದ್ದೆ ಎಂದು ನೀವು ಮುದ್ರೆ ಒತ್ತಿ ಕೊಟ್ಟ ಕಾಗದ ಮಾತ್ರ.

ಇಂತಿ,
ತಮ್ಮ ದಾಖಲೆಗಳ ಪ್ರಕಾರ ಜಾಣೆಯಾದ
ಶಿವಾನಿ
ಬಿ.ಇ. (ಮೆಕ್ಯಾನಿಕಲ್), ಪ್ರಥಮ ದರ್ಜೆ, ಒಂದೂ ವಿಷಯ ಬಾಕಿಯಿಲ್ಲ
ಯಾದವಗಿರಿ, ಮೈಸೂರು