ಕೋಳಿ ನೀರಿನ ಪುಡಿ

ಕೋಳಿ ಶೆಡ್ಡು
ಹದಿನಾಲ್ಕನೇ ತಾರೀಕು, ಗುರುವಾರ

ಪ್ರೀತಿಯ ಗುಬ್ಬಿಗೆ,

ಅಪ್ಪನ ಆಶೀರ್ವಾದ. ಅಳಿಯಂದಿರು, ಮಗು ಹೇಗಿದ್ದಾರೆ? ಬರೆಯಲು ತಿಂಗಳು ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ನನ್ನ ಬಾಯಿಗೆ ಮೊದಲು ತಮಾಷೆಯೇ ಬರುತ್ತದೆ. ಅದಕ್ಕೇ ಈ ಕಾಗದ.

ಅಮ್ಮನ ಕಾಲಿನ ಗಾಯ ಮಾಗಲೇ ಇಲ್ಲ. ಪಂಜರದ ತಂತಿ ತಗುಲಿದ್ದು ಇಷ್ಟೇ ಇಷ್ಟು. ಮೂರು ಥರದ ಔಷಧಿ ಹಾಕಿದರೂ ಕೀವು ಜಗ್ಗಲಿಲ್ಲ. ಸೋಮವಾರ ಎರಡು ಬೆರಳು ತೆಗೆದರು. "ಉಗುರು ಕತ್ತರಿಸೋ ಕೆಲಸ ಕಡಿಮೆ ಆಯ್ತಲ್ಲೇ" ಅಂದೆ. ನಕ್ಕಳು. ಆಮೇಲೆ ಗೋಡೆ ಕಡೆ ತಿರುಗಿಕೊಂಡಳು.

ಹೋದ ತಿಂಗಳು ಅವಳನ್ನು ಆಸ್ಪತ್ರೆಗೆ ಸೇರಿಸಿದ ದಿನವೇ ಡಾಕ್ಟರ್ ಕೇಳಿದ್ದರು, "ಮನೇಲಿ ಏನಾದ್ರೂ ಔಷಧಿ ಪದೇ ಪದೇ ತಗೊಳ್ತಿದ್ರಾ?" ನಾನು ಇಲ್ಲವೆಂದುಬಿಟ್ಟೆ. ಅಮ್ಮನೇ ಬಾಯಿಬಿಟ್ಟಳು: "ಕೋಳಿಗೆ ಕಾಯಿಲೆ ಬರ್ಬಾರ್ದು ಅಂತ ನೀರಿಗೆ ಹಾಕೋ ಪುಡಿ ಸಾರ್. ಜ್ವರ ಬಂದ್ರೂ ಗಾಯ ಆದ್ರೂ ಇವ್ರು ಒಂದು ಚಿಟಿಕೆ ಕೊಡೋರು. ಹದಿನೈದು ವರ್ಷದಿಂದ." ಡಾಕ್ಟರ್ ಪೆನ್ನು ಕೆಳಗಿಟ್ಟರು. ಹಾಗೆ ತಿನ್ನುತ್ತಾ ಹೋದರೆ ರೋಗದ ಹುಳ ಔಷಧಿಗೇ ಪಳಗಿಬಿಡುತ್ತದಂತೆ, ಆಮೇಲೆ ಯಾವ ಔಷಧಿಗೂ ಸಾಯುವುದಿಲ್ಲವಂತೆ. ಕೋಳಿಯಲ್ಲೂ ಅಷ್ಟೇ, ನಮ್ಮಲ್ಲೂ ಅಷ್ಟೇ.

ಮಾರನೆಯ ದಿನದಿಂದ ಶೆಡ್ಡಿನಲ್ಲಿ ದಿನದ ಪುಡಿ ನಿಲ್ಲಿಸಿದೆ. ಕೋಳಿ ಡಾಕ್ಟರಮ್ಮ ಹೇಳಿದಂತೆ ಬೆಳ್ಳುಳ್ಳಿ ಜಜ್ಜಿ ನೀರಿಗೆ ಹಾಕುತ್ತೇನೆ, ನೆಲದ ಹೊಟ್ಟು ಒದ್ದೆಯಾದರೆ ಆಗಲೇ ಬದಲಿಸುತ್ತೇನೆ. "ಬೆಳ್ಳುಳ್ಳಿ ಮಂತ್ರ ಅಲ್ಲಪ್ಪಾ, ಅರ್ಧ ಕೆಲಸ ನಿನ್ನ ಪೊರಕೇದು. ನಿಜವಾಗ್ಲೂ ಕಾಯಿಲೆ ಬಿದ್ರೆ ನನ್ನ ಕರಿ" ಅನ್ನುತ್ತಾರೆ. ಮೊದಲ ವಾರ ನಲವತ್ತು ಕೋಳಿ ಸತ್ತವು. "ನಿನ್ನ ಬೆಳ್ಳುಳ್ಳಿ ನೀನೇ ತಿನ್ನು!" ಎಂದು ಶೆಡ್ಡಿನ ಸಾಹುಕಾರರು ಕೂಗಾಡಿದರು. ಇನ್ನೊಂದು ತಿಂಗಳು ಕೊಡಿ ಎಂದು ಗೋಗರೆದೆ. ಈ ವಾರ ಸತ್ತದ್ದು ಮೂರೇ. ಉಳಿದ ಕೋಳಿಗಳು ಒಂದರ ಮುಖಕ್ಕೆ ಒಂದು ಮುಖ ಕೊಡುವುದಿಲ್ಲ, ಅಷ್ಟು ಬೆಳ್ಳುಳ್ಳಿ ವಾಸನೆ!

ಅಮ್ಮ ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾಳೆ. ನನ್ನನ್ನು ಒಂದು ಮಾತೂ ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೀವು ಮೂವರೂ ನೂರು ಕಾಲ ತಣ್ಣಗಿರಿ.

ನಿನ್ನ ಅಪ್ಪ

ತಾ.ಕ.: ಮರೆತು ಕೊನೆಗೆ ಸೇರಿಸಿದ್ದಲ್ಲ ಇದು, ಇದನ್ನು ಹೇಳಲೆಂದೇ ಕೂತೆ. ಹೋದ ಸಲ ನೀನು ಹೊರಟಾಗ ಮಗುವಿನ ಬಟ್ಟೆ ಚೀಲದಲ್ಲಿ ಒಂದು ನೀಲಿ ಪೊಟ್ಟಣ ಇಟ್ಟು, "ತಾತನ ಔಷಧಿ ಕಣೇ" ಅಂದಿದ್ದೆನಲ್ಲ, ಅದೇ ಪುಡಿ. ಮಗುವಿನ ಕಿವಿ ಸೋರುತ್ತಿದೆ, ಯಾವ ಔಷಧಿಯೂ ಹಿಡಿಯುತ್ತಿಲ್ಲ ಎಂದು ನೀನು ನಿನ್ನೆ ಫೋನಿನಲ್ಲಿ ಹೇಳಿದಾಗಲೂ ಏನೋ ಹಾಸ್ಯ ಮಾಡಿ ತಪ್ಪಿಸಿಕೊಂಡೆ. ಈ ಕಾಗದವನ್ನು ಮೊಟ್ಟೆ ಲಾರಿ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ, ಮಧ್ಯಾಹ್ನಕ್ಕೇ ಸಿಗುತ್ತದೆ. ಪೊಟ್ಟಣ ಹಿಡಿದು ಇವತ್ತೇ ಮಗುವಿನ ಡಾಕ್ಟರ ಹತ್ತಿರ ಹೋಗು. ನೀನು ಮಗುವಿಗೆ ಅದನ್ನು ಎಷ್ಟು ಸಲ ಕೊಟ್ಟೆ ಎಂದು ಮುಚ್ಚಿಡದೆ ಹೇಳು. ಯಾರು ಕೊಟ್ಟದ್ದು ಎಂದು ಕೇಳಿದರೆ ನನ್ನ ಹೆಸರನ್ನೂ ಹೇಳು.