ಏರದೆ ಉಳಿದ ಕೆಂಪು ಅರಿವೆ

ಬಾವಿ ಬತ್ತಿದ ನೂರಾ ಹದಿನೆಂಟನೆಯ ವರ್ಷ, ನಲವತ್ತನಾಲ್ಕರ ತಿಂಗಳು, ಆರನೆಯ ದಿನ.
ಕಾವು:

ನಮಗಿಂತ ಬಹಳ ಮೊದಲು ಬದುಕಿದ ಹಿರಿಯರಿಗೆ, ಹಳೆಯ ಗಣಿಯ ಊರಿನಿಂದ ಮಹಾನಂದಾ ಮಾಡುವ ಶರಣು.

ಮೇಲಿನ ತಾರೀಖು ಕಂಡು ನಿಮಗೆ ನಗು ಬಂದಿದ್ದರೆ ನಕ್ಕುಬಿಡಿ, ನನಗೆ ಬೇಸರವಿಲ್ಲ. ನಾವು ತಿಂಗಳುಗಳನ್ನು ಹೆಸರಿಟ್ಟು ಕರೆಯುವುದು ಬಿಟ್ಟು ಮೂರು ತಲೆಮಾರಾಯಿತು. ಒಂದು ತಿಂಗಳಲ್ಲಿ ಬಿಸಿಲು ಸಾಮಾನ್ಯವಾಗಿ ಎಷ್ಟು ಡಿಗ್ರಿಗೆ ಏರುತ್ತದೋ ಅದೇ ಆ ತಿಂಗಳ ಹೆಸರು. ತಾರೀಖಿನ ಕೆಳಗೆ ಬರೆಯುವ ಹೊತ್ತಿನ ಕಾವನ್ನೂ ನಮೂದಿಸಬೇಕು, ಇಲ್ಲದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ. ನಾನು ಅದನ್ನು ಬೇಕೆಂದೇ ಖಾಲಿ ಬಿಟ್ಟಿದ್ದೇನೆ. ಕೊನೆಯಲ್ಲಿ ಹೇಳುತ್ತೇನೆ. ನನ್ನ ಮಾತುಗಳು ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಕಾಗದ ಹಿಂದಕ್ಕೆ ಹೋಗುವುದಿಲ್ಲ ಎಂಬಷ್ಟು ತಿಳಿವಳಿಕೆ ನನಗೂ ಇದೆ. ಆದರೆ ಮುಂದಿನವರಿಗೆ ಬರೆದರೆ ಅವರು ನಮ್ಮ ನಿಯಮದಲ್ಲೇ ಹುಟ್ಟಿ ಬೆಳೆದವರು, ಇದನ್ನು ಓದದೆ ಎತ್ತಿಟ್ಟುಬಿಡುತ್ತಾರೆ.

ನಾವು ಇರುವುದು ನೀವು ಕಲ್ಲು ತೆಗೆದು ಬಿಟ್ಟುಹೋದ ಗಣಿಯ ಒಳಗೆ. ನಿಮ್ಮ ಮನೆಗಳ ನೆಲಕ್ಕೆಂದು ನೀವು ಚಪ್ಪಡಿ ಚಪ್ಪಡಿಯಾಗಿ ಎಬ್ಬಿಸಿದ ಆ ಕುಳಿ ಈಗ ನಾಲ್ಕು ಸಾವಿರ ಜನರ ಊರು. ಗೋಡೆ ಕೊರೆದು ಮನೆ ಮಾಡಿಕೊಂಡಿದ್ದೇವೆ. ಬೆಳಗಿನ ಜಾವ ಕೆಲಸ, ಸಂಜೆ ಕೆಲಸ, ನಡುವೆ ಸುಮ್ಮನಿರುವುದು. ಮೇಲಿನ ದಂಡೆಯಲ್ಲಿ ಒಂದು ಕಂಬವಿದೆ. ಪಾದರಸ ನಲವತ್ತೆರಡು ದಾಟಿದ ಕೂಡಲೇ ಅದಕ್ಕೆ ಕೆಂಪು ಅರಿವೆ ಏರಿಸಬೇಕು, ಕೆಳಗೆ ಬಂದಾಗ ಇಳಿಸಬೇಕು. ಇಪ್ಪತ್ತೆರಡು ವರ್ಷದಿಂದ ಆ ಕೆಲಸ ನನ್ನದು.

ಅರಿವೆ ಏರಿತೆಂದರೆ ಮನೆಮನೆಯಲ್ಲಿ ಚಾಕು, ಕುಡುಗೋಲು, ಉಳಿ ಎಲ್ಲ ಪೆಟ್ಟಿಗೆ ಸೇರಿ ಕೀಲಿ ಬೀಳುತ್ತದೆ. ಗಂಡಸರು ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಗೋಡೆಗೆ ಮುಖ ಮಾಡಿ ಕೂರುತ್ತಾರೆ, ಮಕ್ಕಳಿಗೆ ಅಂಬಲಿ ಕುಡಿಸಿ ಮಲಗಿಸುತ್ತಾರೆ. ಆ ಹೊತ್ತಿನಲ್ಲಿ ಆಡಿದ್ದೆಲ್ಲ ಕಾವುಮಾತು. ಅಂದರೆ ಅದನ್ನು ಆಡಿದ್ದು ಬಿಸಿಲು, ಮನುಷ್ಯನಲ್ಲ. ಬೈಗುಳ, ಆಣೆ, ಮದುವೆಯ ಮಾತು, ದೂರು ಯಾವುದೂ ಊರ್ಜಿತವಲ್ಲ. ನಿಜವಾಗಿ ಹೇಳುವುದಿದ್ದರೆ ಅರಿವೆ ಇಳಿದ ಮೇಲೆ ಇನ್ನೊಮ್ಮೆ ಹೇಳಬೇಕು. ಇದನ್ನು ಮೂಢತನ ಎನ್ನಬೇಡಿ. ಬಿಸಿಲು ಏರಿದಂತೆ ಜಗಳ ಏರುತ್ತದೆ ಎಂದು ಮೊದಲು ಕಂಡುಕೊಂಡವರು ನೀವೇ, ಕಂಡುಕೊಂಡು ಸುಮ್ಮನಾದವರೂ ನೀವೇ. ನಮ್ಮ ಅಜ್ಜಿಯ ಕಾಲದಲ್ಲಿ ಒಂದೇ ಬೇಸಿಗೆಯಲ್ಲಿ ಈ ಕುಳಿಯೊಳಗೆ ಮೂವತ್ತೊಂದು ಕೊಲೆಗಳಾದವು. ಅರಿವೆ ಬಂದ ಮೇಲೆ ವರ್ಷಕ್ಕೆ ಒಂದೋ ಎರಡೋ. ಕಂಬದ ಹಗ್ಗ ಎಳೆಯುವಾಗಲೆಲ್ಲ ನನಗೆ ಹೆಮ್ಮೆಯಾಗುತ್ತಿತ್ತು.

ಇನ್ನೊಂದು ಪದ ಹೇಳಬೇಕು, ಗರ್ಭಕಾವು. ತಾಯಿ ಬಸುರಿಯಾಗಿದ್ದಾಗ ಎಷ್ಟು ದಿನ ಬಿಸಿಲು ನಲವತ್ತೈದು ದಾಟಿತ್ತೆಂಬ ಸಂಖ್ಯೆಯನ್ನು ಒಂದು ಬಿಲ್ಲೆಯ ಮೇಲೆ ಕೆತ್ತಿ ಕೂಸಿನ ಕೊರಳಿಗೆ ಕಟ್ಟುತ್ತೇವೆ. ಹೆಚ್ಚು ಸಂಖ್ಯೆಯವರು ಬೇಗ ಹೆದರುತ್ತಾರೆ, ಬೇಗ ಸಿಟ್ಟಾಗುತ್ತಾರೆ ಎಂದು ಅವರಿಗೆ ನೆರಳಿನ ಜಾಗ ಕೊಡುವುದಕ್ಕಾಗಿ ಶುರುವಾದ ಪದ್ಧತಿ ಅದು. ಬರಬರುತ್ತ ಅವರ ಮಾತಿಗೆ ತೂಕ ಕಡಿಮೆಯಾಯಿತು. ನನ್ನದು ಎಪ್ಪತ್ತೊಂದು. ನನ್ನ ತಂಗಿ ಜಗದೇವಿಯದು ನೂರಾ ನಾಲ್ಕು. ಅವಳ ಗಂಡ ಚನ್ನವೀರನದು ಹನ್ನೆರಡು. ಅಂಥ ವರ ಸಿಕ್ಕನೆಂದು ನಾವು ಇಡೀ ಓಣಿಗೆ ಬೆಲ್ಲ ಹಂಚಿದ್ದೆವು.

ಚನ್ನವೀರ ಶಾಲೆಯ ಮಾಸ್ತರ. ದನಿ ಎತ್ತಿದ್ದನ್ನು ಯಾರೂ ಕೇಳಿಲ್ಲ. ಅರಿವೆ ಏರುವ ಮೊದಲೇ ಶಾಲೆಯ ನೆಲಮನೆಗೆ ಇಳಿದು, ಅದು ಇಳಿಯುವವರೆಗೆ ಹೊರಗೆ ಬರದ ಶಿಸ್ತಿನ ಮನುಷ್ಯ. ಅವನು ಹೊಡೆಯುತ್ತಿದ್ದದ್ದು ತಂಪಿನಲ್ಲಿ. ಬೆಳಗಿನ ಜಾವ ಸ್ನಾನ ಮುಗಿಸಿ, ಬಾಗಿಲ ಚಿಲಕ ಹಾಕಿ, ಒದ್ದೆ ಟವೆಲ್ಲಿಗೆ ಗಂಟು ಹಾಕಿ ಬೆನ್ನಿನ ಮೇಲೆ ಹೊಡೆಯುತ್ತಿದ್ದ. ಆಮೇಲೆ ಟವೆಲ್ಲನ್ನು ಒಣಹಾಕಿ ಮನೆಗೇ ಅಂಟಿಕೊಂಡಿದ್ದ ಶಾಲೆಗೆ ಪಾಠಕ್ಕೆ ಹೋಗುತ್ತಿದ್ದ. ಸಿಟ್ಟು ಬಿಸಿಲಿನಿಂದ ಬರುತ್ತದೆ ಎಂದು ಕಲಿತ ನಮಗೆ ಇಂಥದೊಂದು ಇರಬಹುದೆಂದು ಹೊಳೆಯಲೇ ಇಲ್ಲ.

ಜಗದೇವಿ ನನಗೆ ಹೇಳಿದ್ದಳು, ಒಂದಲ್ಲ ಮೂರು ಸಲ. ಮೂರು ಸಲವೂ ಅರಿವೆ ಏರಿದ್ದಾಗ, ಯಾಕೆಂದರೆ ಅವಳು ಅವನ ಕಣ್ಣು ಕಿವಿ ತಪ್ಪಿ ಇರುತ್ತಿದ್ದದ್ದು ಆಗ ಮಾತ್ರ. ನಾನು ನಿಯಮದ ಹೆಣ್ಣು. ಅರಿವೆ ಇಳಿಸಿ ಅವಳ ಮನೆಗೆ ಹೋಗಿ, ಮಧ್ಯಾಹ್ನ ಹೇಳಿದ್ದು ನಿಜವೇ ಎಂದು ವಿಧಿಪೂರ್ವಕ ಕೇಳಿದೆ. ಚನ್ನವೀರ ನನಗೆ ನೀರು ತಂದುಕೊಟ್ಟು ಪಕ್ಕದಲ್ಲೇ ಕೂತ. ಅವಳು ನೆಲ ನೋಡುತ್ತ, "ಏನಿಲ್ಲಕ್ಕ, ಕಾವಿಗಿ ಅಂದಿದ್ದೆ," ಎಂದಳು. ನನಗೆ ಸಮಾಧಾನವಾಯಿತು. ಅದನ್ನು ಇಂದು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ನಾಲ್ಕು ದಿನದ ಹಿಂದೆ ಅವಳು ದಂಡೆ ಹತ್ತಿ ಕಂಬದ ಬುಡಕ್ಕೇ ಬಂದಳು. ಅಲ್ಲಿಯ ಕಟ್ಟೆಯ ಮೇಲೆ ಪಂಚರಲ್ಲಿ ಇಬ್ಬರು ಅರಿವೆ ಏರುವುದನ್ನೇ ಕಾಯುತ್ತ ಕೂತಿದ್ದರು. ಪಾದರಸ ನಲವತ್ತೆರಡರ ಗೆರೆ ದಾಟಿತ್ತು, ನನ್ನ ಕೈ ಹಗ್ಗದ ಮೇಲಿತ್ತು.

"ಅಕ್ಕ, ಅರಿವಿ ಏರಸಬ್ಯಾಡ. ನಾ ಹೇಳಿ ಮುಗಸೂತನ ತಡಿ."

ನಾನು ತಡೆದೆ. ಅವಳು ಪಂಚರ ಮುಂದೆ ನಿಂತು ಕಾಲು ಗಂಟೆ ಮಾತಾಡಿದಳು, ಬೆನ್ನು ತೋರಿಸಿದಳು. ಕಂಬ ಬರಿದಾಗಿದ್ದರಿಂದ ಅವರು ಎಲ್ಲವನ್ನೂ ಬರೆದುಕೊಳ್ಳಬೇಕಾಯಿತು. ಅವಳ ಮಾತು ಮೊಟ್ಟಮೊದಲ ಸಲ ಮಾತಾಯಿತು. ಆಮೇಲೆ ಹಗ್ಗ ಎಳೆದೆ.

ಅದೇ ಕಾಲು ಗಂಟೆಯಲ್ಲಿ ಕೆಳಗೆ, ನೀರಿನ ಸರದಿಯಲ್ಲಿ, ದೇವಿಂದ್ರಪ್ಪ ಮತ್ತು ಹಣಮಂತ ಎಂಬಿಬ್ಬರ ನಡುವೆ ಯಾರ ಕೊಡ ಮುಂದೆ ಎಂದು ಮಾತಿಗೆ ಮಾತು ಬೆಳೆಯಿತು. ಕಂಬದ ಮೇಲೆ ಕೆಂಪು ಕಂಡಿದ್ದರೆ ಇಬ್ಬರೂ ಬಾಯಿ ಮುಚ್ಚಿಕೊಂಡು ಮನೆಗೆ ಹೋಗುತ್ತಿದ್ದರು, ಎಂದೂ ಹಾಗೇ ಹೋದವರು. ಅಂದು ಪೆಟ್ಟಿಗೆಗೆ ಕೀಲಿ ಬಿದ್ದಿರಲಿಲ್ಲ. ದೇವಿಂದ್ರಪ್ಪನ ಕೈಯಲ್ಲಿ ಉಳಿ ಇತ್ತು. ಹಣಮಂತನ ಎಡಗಣ್ಣು ಹೋಯಿತು.

ಹಣಮಂತ ಕಲ್ಲು ಕೆತ್ತುವವನು, ಬಿಲ್ಲೆಗಳ ಮೇಲೆ ಸಂಖ್ಯೆ ಬರೆಯುವವನೂ ಅವನೇ. ನಾನು ಅವನನ್ನು ನೋಡಲು ಹೋದೆ. ಅವನ ಹೆಂಡತಿ ಶಾಂತಾಬಾಯಿ ನನ್ನನ್ನು ಒಳಗೆ ಕರೆದು ಕೂರಿಸಿದಳು. ಕೂಗಾಡಲಿಲ್ಲ. "ನಿಮ್ಮ ತಂಗಿ ಮಾತಿಗಿ ನನ ಗಂಡನ ಕಣ್ಣ ಹೋಯ್ತಲ್ಲವ್ವ," ಎಂದಷ್ಟೇ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ನಾಳೆ ಬೆಳಗಿನ ಜಾವ ದಂಡೆಯ ಮೇಲಿನ ಚಾವಡಿಯಲ್ಲಿ ಪಂಚರು ಸೇರುತ್ತಾರೆ. ಅವರು ನನ್ನ ಮೇಲೆ ಕರುಣೆ ತೋರಿಸಲು ಹೊರಟಿದ್ದಾರೆ, ನನ್ನ ಕಷ್ಟವೆಲ್ಲ ಅದೇ. ಗರ್ಭಕಾವು ಎಪ್ಪತ್ತೊಂದು, ಅಂದಿನ ಬಿಸಿಲು ನಲವತ್ತಮೂರು, ಎದುರಿಗೆ ಅಳುವ ತಂಗಿ. ನನ್ನ ಕೈ ತಡೆದದ್ದು ನಾನಲ್ಲ, ಕಾವು ಎಂದು ಬರೆದು ಮುಗಿಸುತ್ತಾರಂತೆ. ನಾನು ತಲೆಯಾಡಿಸಿದರೆ ಸಾಕು. ಆದರೆ ಆಗ ಆ ಕಾಲು ಗಂಟೆಯೂ ಕಾವಿನ ಹೊತ್ತಾಗುತ್ತದೆ, ಜಗದೇವಿ ಹೇಳಿದ್ದು ಕಾವುಮಾತಾಗುತ್ತದೆ, ತಂಪಿನಲ್ಲಿ ಇನ್ನೊಮ್ಮೆ ಹೇಳು ಎಂದು ಚನ್ನವೀರನ ಪಕ್ಕದಲ್ಲೇ ಕೂರಿಸಿ ಕೇಳುತ್ತಾರೆ, ಅವಳು ಚನ್ನವೀರನ ಮನೆಗೆ ಮರಳಬೇಕಾಗುತ್ತದೆ. ತಿಳಿದೇ ಮಾಡಿದೆ ಎಂದರೆ ಅವಳ ಮಾತು ನಿಲ್ಲುತ್ತದೆ, ಹಣಮಂತನ ಕಣ್ಣಿನ ಹೊಣೆ ನನ್ನ ತಲೆಗೆ ಬರುತ್ತದೆ. ಅದಕ್ಕೆ ಶಿಕ್ಷೆ ಮೂರು ಬೇಸಿಗೆ ಗಣಿಯಿಂದ ಹೊರಗೆ, ಮೇಲಿನ ಬಯಲಿನಲ್ಲಿ. ಹಾಗೆ ಹೋದವರು ಮರಳಿ ಬಂದದ್ದನ್ನು ನಾನು ನೋಡಿಲ್ಲ.

ನಾಲ್ಕು ದಿನದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಹಗ್ಗ ಹಿಡಿದ ಆ ಕೈಯಲ್ಲಿ ಬಿಸಿಲು ಎಷ್ಟಿತ್ತು, ನಮ್ಮವ್ವನ ಬಸಿರು ಎಷ್ಟಿತ್ತು, ನಾನು ಎಷ್ಟಿದ್ದೆ? ಪಂಚರು ಹೇಳುವುದು ಸುಳ್ಳೆಂದು ಪ್ರಮಾಣ ಮಾಡಲು ನನಗೆ ಆಗುವುದಿಲ್ಲ. ಅಂದು ತಲೆ ಸುತ್ತುತ್ತಿದ್ದದ್ದು ನಿಜ. ಆದರೆ ಶಾಂತಾಬಾಯಿಯ ಎದುರು ಹೋಗಿ ಕೂರಲು ಒಬ್ಬರು ಬೇಕು. ಬಿಸಿಲು ಹೋಗಿ ಅವಳ ಮನೆಯಲ್ಲಿ ಕೂರುವುದಿಲ್ಲ.

ಜಗದೇವಿ ಈಗ ನನ್ನ ಮನೆಯಲ್ಲಿದ್ದಾಳೆ. ಗೋಡೆಗೆ ಬೆನ್ನು ಒತ್ತಿಕೊಂಡು ಮಲಗಿದ್ದಾಳೆ.

ಹಿರಿಯರೇ, ಕಾವಿನ ಜಾಗ ತುಂಬಿಕೊಳ್ಳಿ, ನಲವತ್ತಾರು. ಹಗ್ಗವನ್ನು ಬೇರೆಯವಳಿಗೆ ಕೊಟ್ಟಿದ್ದಾರೆ, ಅರಿವೆ ಮೇಲೆ ಹಾರಾಡುತ್ತಿದೆ. ನಮ್ಮ ನಿಯಮದ ಪ್ರಕಾರ ನಾನು ಇಲ್ಲಿ ಬರೆದದ್ದು ಯಾವುದೂ ನನ್ನ ಮಾತಲ್ಲ. ನಿಮ್ಮಲ್ಲಿ ಆ ನಿಯಮ ಇನ್ನೂ ಹುಟ್ಟಿಲ್ಲ, ಅದಕ್ಕೇ ನಿಮ್ಮನ್ನು ಬೇಡುತ್ತಿದ್ದೇನೆ. ಅರಿವೆ ಏರಿಸದೆ ನಿಲ್ಲಿಸಿದ್ದು ನಾನೇ, ತಿಳಿದೇ. ನಾಳೆ ತಂಪಿನಲ್ಲಿ ಇದನ್ನೇ ಹೇಳಬೇಕೆಂದಿದ್ದೇನೆ. ಆದರೆ ತಂಪಿನಲ್ಲಿ ಪಂಚರು ಪಕ್ಕದಲ್ಲೇ ಕೂತಿರುತ್ತಾರೆ, ನೀರು ತಂದುಕೊಡುತ್ತಾರೆ, ಮೇಲಿನ ಬಯಲು ಬಾಗಿಲಿನಿಂದ ಕಾಣುತ್ತಿರುತ್ತದೆ. ನಾನೂ ನೆಲ ನೋಡಿ, ಏನಿಲ್ಲ, ಕಾವಿಗೆ ಹಾಗಾಯಿತು ಎಂದುಬಿಟ್ಟರೆ, ಅದನ್ನು ನಂಬಬೇಡಿ. ಇದನ್ನು ನಂಬಿ.

ಮಹಾನಂದಾ