ತಟ್ಟೆಯಲ್ಲಿ ಉಳಿದ ಕೊನೆಯ ವಾಫಲ್

ಸೋರ್ಟ್‌ಲ್ಯಾಂಡ್,
ಮಾರ್ಚ್ 14

ಪ್ರೀತಿಯ ಮಗಳು ಸುನ್ನಿವಾಗೆ,

ಬೆನ್ನುನೋವು ಹೇಗಿದೆ? ನಾನು ಹೆಣೆದ ಉಣ್ಣೆಯ ಒಳಂಗಿ ಹಾಕಿಕೊಳ್ಳುತ್ತಿದ್ದೀಯೋ, ಇಲ್ಲ ಪೆಟ್ಟಿಗೆಯಲ್ಲೇ ಮಡಿಸಿಟ್ಟಿದ್ದೀಯೋ? ಫೋನಿನಲ್ಲಿ ಕೇಳಿದರೆ ಮೀನಿನ ಹಡಗಿನಲ್ಲಿ ಗಾಳಿ ಜೋರು ಎಂದು ಇಟ್ಟುಬಿಡುತ್ತೀ. ಅದಕ್ಕೇ ಈ ಪತ್ರ.

ನಮ್ಮ ಎಲ್ಡ್ರಿಡ್ ತನ್ನ ಬಾಲ್ಯದ ಗೆಳತಿ ವಿಲ್ದೆಯ ಕೆನ್ನೆಗೆ ಶಾಲೆಯಲ್ಲೇ ಹೊಡೆದದ್ದು ನಿನಗೆ ಗೊತ್ತು. ಆಮೇಲೆ ಹತ್ತನೇ ತರಗತಿಯೇ ಎರಡು ಪಾಳಯವಾಯಿತು. ನಿನ್ನ ಮಗಳು ಎಲ್ಡ್ರಿಡ್ ಹೊದಿಕೆ ಎಳೆದುಕೊಂಡು, "ಇನ್ನು ಆ ಶಾಲೆಗೆ ಕಾಲಿಡಲ್ಲ ಅಜ್ಜಿ, ಏನ್ ಬೇಕಾದ್ರೂ ಮಾಡ್ಕೋ" ಎಂದುಬಿಟ್ಟಳು. ಪರೀಕ್ಷೆ ಹತ್ತಿರ ಬಂದಿದೆ. ನನಗೆ ಊಟ ಸೇರಲಿಲ್ಲ. ಕೊನೆಗೆ ಶಾಲೆಯವರು ಊರಿನ ಸಂಧಾನಕಾರನಿಗೆ ಹೇಳಿಕಳಿಸಿದರು. ಯಾರು ಅಂದುಕೊಂಡೆ? ನಿನ್ನನ್ನು ಶಾಲೆಗೆ ಕರೆದೊಯ್ಯುತ್ತಿದ್ದ ಬಸ್ಸಿನ ಚಾಲಕ ಆಸ್‌ಬ್ಯೋರ್ನ್. ಹೊರಡುವ ಮುನ್ನ ಎಲ್ಲರೂ ಸರಿಯಾಗಿ ಕೂತರೇ ಎಂದು ತಿರುಗಿ ನೋಡುವ ಚಾಳಿ ಅವನಿಗೆ ಈಗಲೂ ಹೋಗಿಲ್ಲ.

ಗುರುವಾರ ಊರಿನ ಸಭಾಮನೆಯಲ್ಲಿ ಸೇರಿದೆವು. ಬಿಸಿ ಅಚ್ಚಿನಲ್ಲಿ ಸಿಹಿ ಹಿಟ್ಟು ಹೊಯ್ದು ವಾಫಲ್ ಮಾಡಿ ತಂದವಳು ನಾನು. ಅದಿಲ್ಲದೆ ನಮ್ಮವರು ಯಾವ ಜಗಳ ಮುಗಿಸಿದ್ದಾರೆ? ವಿಲ್ದೆಯ ಅಪ್ಪ ಕಿಟಕಿ ನೋಡಿದ, ನಾನು ಮೇಜು ನೋಡಿದೆ. ಹುಡುಗಿಯರು ತಿನ್ನುವುದನ್ನು ಮಾತ್ರ ಬಿಡಲಿಲ್ಲ. ತಟ್ಟೆಯಲ್ಲಿ ಒಂದೇ ಉಳಿಯಿತು. ಆಸೆಬುರುಕರು ಅನ್ನಿಸಿಕೊಂಡು ಕೊನೆಯದನ್ನು ನಮ್ಮಲ್ಲಿ ಯಾರು ಮುಟ್ಟುತ್ತಾರೆ? ವಿಲ್ದೆ ಅರ್ಧ ಕತ್ತರಿಸಿಕೊಂಡು ಅರ್ಧ ಬಿಟ್ಟಳು. ಎಲ್ಡ್ರಿಡ್ ಅದರಲ್ಲಿ ಅರ್ಧ ತೆಗೆದಳು. ಮತ್ತೆ ಅವಳು, ಮತ್ತೆ ಇವಳು. ಉಗುರಿನಷ್ಟು ಉಳಿದಾಗಲೂ ವಿಲ್ದೆ ಚಾಕು ಎತ್ತಿದಳು. "ತಿನ್ನೇ ಮಾರಾಯ್ತಿ, ಅದನ್ನೇನು ಪುಡಿ ಮಾಡ್ತೀಯಾ?" ಎಂದಳು ನಿನ್ನ ಮಗಳು. ಇಬ್ಬರೂ ಕಿಸಕ್ಕನೆ ನಕ್ಕರು, ಆಮೇಲೆ ಅತ್ತರು. ಆಸ್‌ಬ್ಯೋರ್ನ್ ಎಲ್ಲರನ್ನೂ ತಿರುಗಿ ನೋಡಿ, "ಸರಿ, ಈಗ ಹೊರಡೋಣ" ಎಂದ. ಹೊಡೆದವಳು ಇವಳಾದರೂ ಮೊದಲು ಕ್ಷಮೆ ಕೇಳಿದವಳು ವಿಲ್ದೆ. ಇವಳೂ ಕೇಳಿದಳು.

ಸೋಮವಾರದಿಂದ ಇಬ್ಬರೂ ಜೊತೆಗೇ ಶಾಲೆಗೆ ಹೋಗುತ್ತಿದ್ದಾರೆ. ಊಟದ ಬಿಡುವಿನಲ್ಲಿ ನಾವು ಊರವರು ಸರದಿಯಂತೆ ಶಾಲೆಯ ಅಂಗಳದಲ್ಲಿ ಕಾಫಿ ಕುಡಿಯುತ್ತೇವೆ. ಕಾವಲು ಎಂದು ಯಾರೂ ಹೇಳುವುದಿಲ್ಲ. ನೆರೆಯವರೆಲ್ಲ ನಿನ್ನ ಕ್ಷೇಮ ಕೇಳಿದರು. ಬಲೆ ತುಂಬಿ ಬರಲಿ, ನೀನು ಬೆಚ್ಚಗಿರು, ಕಂದಾ.

ನಿನ್ನ ಅಮ್ಮ,
ತೂರ್‌ಬ್ಯೋರ್ಗ್

ಮರೆತ ಮಾತು: ಅಂಚೆಗೆ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಪೆಟ್ಟು ಬಿದ್ದ ದಿನ, ಅದಕ್ಕೆ ಮೊದಲು ವಿಲ್ದೆ ಅಂದದ್ದು, "ನಿಮ್ಮಮ್ಮಂಗೆ ನಿನಗಿಂತ ಮೀನೇ ಇಷ್ಟ ಕಣೇ." ಇದನ್ನು ನಿನಗೆ ತಿಳಿಸಕೂಡದು, ಅಮ್ಮನಿಗೆ ನೋವಾಗುತ್ತದೆ ಎಂದು ಎಲ್ಡ್ರಿಡ್ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಮಾತು ಮುರಿದಿದ್ದೇನೆ. ಭಾನುವಾರ ಗಾಳಿ ಎಷ್ಟೇ ಜೋರಿರಲಿ, ಅವಳಿಗೆ ಫೋನ್ ಮಾಡು. ಈ ಸಲ ಅವಳೇ ಮೊದಲು ಇಡಲಿ.